ಜಳಕದ ಗಾಡಿ

ಭಾಲ್ಕಿ ಗಂಜಿನ ಹಿಂದ, ಜಾಲಿ ಕಂಟಿಯೊಳಗ
ಮೊಣಕಾಲು ಮುರಕೊಂಡು ಕುಂತಿತ್ತದು.
ಮುಂದಿನ ಗಾಲಿ ಎರಡೂ ಮಣ್ಣಿನ್ಯಾಗ,
ತಗಡಿನ ಕಮಾನಿನ ಮ್ಯಾಲ ಯಾರೋ ಒಣಹಾಕಿದ ಕುಳ್ಳು.
'ಬಡಿಗೇರಪ್ಪ, ಇದು ಆಗ್ತದೇನು?'
ಅಂದ್ಳು ಚಾಂದಿಬಾಯಿ.
ಉಳಿ ತುದಿ ಹಲಗಿಗೆ ಚುಚ್ಚಿದೆ.
ಅರ್ಧ ಇಂಚು ಬರೇ ಹಿಟ್ಟು. ಅದರಾಚೆ ಸಾಗವಾನಿ
ಠಣ್ ಅಂತು.
'ಆಗ್ತದ' ಅಂದೆ. ರೊಕ್ಕದ ಮಾತು ಚಾ ಕುಡಿದಮ್ಯಾಲ.

ಮೊದಲಿಗೆ ಗಾಣದವರ ಗಾಡಿ ಅದು.
ಊರೂರಿಗೆ ಗಾಣ ಹೂಡಿ ಬೆಲ್ಲ ಕಾಸೋ ಮಂದಿ
ಅದರಾಗೇ ಉಂಡು ಅದರಾಗೇ ಮಲಗಿದ್ರು.
ಈಗಲೂ ಬಿಸಿಲೇರಿದ್ರ
ಸಂದಿಯೊಳಗಿಂದ ಇರುವಿ ಸಾಲು ಹೊರಡ್ತದ,
ತಾತನ ಕಾಲದ ಸಾಲ ವಸೂಲಿಗೆ ಬಂದಂಗ.

ಕೆರೆದಂಗ ಕೆರೆದಂಗ ಬಣ್ಣ ಬಂದ್ವು.
ಡಾಂಬರಿನ ಕೆಳಗ ಹಸಿರು, ಹಸಿರಿನ ಕೆಳಗ
ಗಣೇಶನ ಹಬ್ಬದ್ದೋ ಏನೋ, ಒಂದಿಷ್ಟು ಹಳದಿ,
ಅದರ ಕೆಳಗ ರಜಾಕಾರರ ಗದ್ದಲಕ್ಕೂ ಹಿಂದಿನ ಕೆಂಪು.
ಬಾಗಿಲ ಮ್ಯಾಲೊಂದು ಹಿತ್ತಾಳಿ ಪಟ್ಟಿ.
ವೆಲ್ಡಿಂಗ್ ಜಿಲಾನಿ ಉಗುಳು ಹಚ್ಚಿ ತಿಕ್ಕಿ ಓದಿದ:
'ಹೈದರಾಬಾದ್. ಮುಂದಿಂದು ಇಲಿ ತಿಂದಾವ.'
'ಇಲಿ ಹಿತ್ತಾಳಿ ತಿಂತಾವೇನೋ?'
'ನಿಜಾಮನ ಕಾಲದ ಇಲಿ ಕಾಕಾ, ಏನು ಬೇಕಾದ್ರೂ ತಿಂತಾವ.'

ಗಾಣ ನಿಂತಮ್ಯಾಲ ಒಬ್ಬ ಮುಕಾದಮ ಕೊಂಡಿದ್ದನಂತ.
ಕಬ್ಬು ಕಡಿಯೋ ಗ್ಯಾಂಗು: ಗಂಡಸರು ಹನ್ನೊಂದು ಮಂದಿ ಒಳಗ,
ಹೆಂಗಸರು ಗಾಡಿ ಕೆಳಗ,
ಕೂಸುಗಳು ಅಚ್ಚಿಗೆ ಕಟ್ಟಿದ ಜೋಳಿಗಿಯೊಳಗ.
ಅದರಾಗೊಂದು ಕೂಸು ಚಾಂದಿಬಾಯಿ.
ಹಾಗಂತ ಆಕಿ ಅತ್ತು ಹೇಳಲಿಲ್ಲ.
ಗ್ರೀಸು ಹಚ್ಚಿದ ಅಚ್ಚು ನೋಡಿ,
'ಎಣ್ಣಿ ಬಿಂದು ಹಣಿ ಮ್ಯಾಲೇ ಬೀಳ್ತಿತ್ತು' ಅಂದ್ಳಷ್ಟೇ.

ಒಲಿ ಹಿಂದಿನ ಹಲಗಿಮ್ಯಾಲ ಗೀರು ಕಂಡವು.
ಸಾಲಾಗಿ ಅಲ್ಲ, ಅಲ್ಲೊಂದು ಇಲ್ಲೊಂದು,
ಕುಡಗೋಲಿನ ತುದಿಲೆ ಎಳೆದಂಥವು.
ಎಣಿಸಿದೆ, ಒಂಬತ್ತು.
'ಉಚಲಿನ ಲೆಕ್ಕ' ಅಂದೆ. 'ಅಲ್ಲ.'
'ಕಬ್ಬಿನ ಲೋಡು.' 'ಸೀಜನ್ನಿಗೆ ಒಂಬತ್ತೇ ಲೋಡೇನು?'
ಪತ್ರೊಳ್ಳಿ ಕೆಳಗಿಟ್ಟು ಆಕಿ ಹೇಳಿದ್ಳು:
'ನಮ್ಮವ್ವ ಬಿಸಿನೀರು ಮೈಮ್ಯಾಲ ಹಾಕ್ಕೊಂಡ ಸಲ.
ದೀಪಾವಳಿಲಿಂದ ಹೋಳಿತನಕ.
ಉಳಿದ ದಿನ ಕಾಲುವಿ ನೀರು,
ನಾಲ್ಕು ಗಂಟೆಗೆ, ಇಬ್ಬರು ಸೀರಿ ಹಿಡಿದು ನಿಂತು.'

ರಂಧಾ ಹಿಡಿದಿದ್ದೆ. ಆ ಹಲಗಿ ಬಿಟ್ಟು ಮುಂದಿನದಕ್ಕ ಹೋದೆ.

ಆಕಿಗೆ ಬೇಕಾದದ್ದು ಎರಡು ಮೋರಿ,
ಒಳಗಿಂದ ಹಾಕೋ ಚಿಲಕ,
ಒಲಿ ಜಾಗದಾಗ ತಾಮ್ರದ ಬಂಬು.
ಸುಗ್ಗಿ ಬಂತಂದ್ರ ಫಡದಿಂದ ಫಡಕ್ಕ
ಟ್ರ್ಯಾಕ್ಟರಿಗೆ ಕಟ್ಟಿ ಒಯ್ಯಬೇಕು.
ಗಾಲಿ ಸಲುವಾಗಿ ಮೂರು ದಿನ ಜಗಳಾಡಿದೆ.
ಕಬ್ಬಿಣದ ಪಟ್ಟಾ ಕುಳ್ಳಿನ ಬೆಂಕಿಯಾಗ ಕೆಂಪಗ ಕಾಸಿ
ಕಟ್ಟಿಗಿಗೆ ಕೂಡಿಸಿ ನೀರು ಹೊಡೆದಾಗ
ಗಾಲಿ 'ಹಾ' ಅಂತ ಉಸಿರು ಬಿಡ್ತದ,
ಅದನ್ನೊಮ್ಮೆ ಕೇಳೂ ಆಸಿ ನನಗ.
ಆಕಿ ಟ್ರಾಲಿಯ ರಬ್ಬರ್ ಗಾಲಿ ತಂದು ಇಳಿಸಿದ್ಳು.
'ನಿಮ್ಮ ಗಾಲಿ ಚಂದ ಅವ, ನನ್ನ ಹಾದಿ ಚಂದಿಲ್ಲ.'
ಹಳೆವು ನಾಲ್ಕೂ ಬೇವಿಗೆ ಆತುಕೊಂಡು ನಿಂತಾವ.
ಕೋಳಿಗೆ ಛಲೋ ಆಗ್ಯಾದ.

ಮೊನ್ನೆ ಬಂಬಿಗೆ ತುರಾಟಿ ಕಟ್ಟಿಗಿ ತುರುಕಿದ್ವಿ.
ಕಮಾನಿನ ತೂತಿನಿಂದ ಹೊಗಿ ಎದ್ದಿತು.
ಮೊದಲ ತಂಬಿಗಿ ನೀರು
ಬರೇ ನೆಲಕ್ಕ ಸುರುವಿದ್ಳು ಚಾಂದಿಬಾಯಿ.
ನಾ ಇಳಿಜಾರು ಕೊಟ್ಟದ್ದು ಎಡಕ್ಕ,
ನೀರು ಬಲಕ್ಕ ಹೋಯಿತು.
ಜಿಲಾನಿ ನಕ್ಕ. ನಾ ಬೈದೆ, ಗಾಡಿಗೆ, ನೆಲಕ್ಕ, ಅವಗ.

ಕೆಳಗ ತೂರಿ ಗಾಲಿಗೆ ಹಲಗಿ ತುಂಡು ಕೊಡ್ತಿದ್ದೆ,
ಮ್ಯಾಲಿಂದ ಬಿಸಿ ಹನಿಯೊಂದು
ಹಣಿ ಮ್ಯಾಲೇ ಬಿತ್ತು.
'ಬಡಿಗೇರಪ್ಪ, ಹೊರಗ ಬರ್ರಿ,
ನಾ ಚಿಲಕ ಹಾಕ್ತೀನಿ.'